ಕೆನ್ನೆ ಇಟ್ಟ ಗೋಡೆ

ಮೂಗಿನಿಂದ ಗೋಡೆ ತೆಗೆಯುವುದು ನನ್ನ ದಿನದ ಕೊನೆಯ ಕೆಲಸ. ಕಿರುಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒಳಗೆ ತಿರುಗಿಸಿದರೆ ಬಿಳಿ ಹೆಂಟೆ ಹೊರಗೆ ಬರುತ್ತದೆ. ಕೆಲವು ದಿನ ಅದರ ತುದಿಯಲ್ಲಿ ರಕ್ತ ಇರುತ್ತದೆ. ಕೆಮ್ಮಿದರೆ ಬಿಳಿ, ಉಗುಳಿದರೆ ಬಿಳಿ. ಮಗಳಿಗೆ ಹಾಲು ಕೊಡುತ್ತಿದ್ದ ಕಾಲದಲ್ಲಿ ಮೊದಲು ಎದೆ ತೊಳೆದುಕೊಳ್ಳಬೇಕಿತ್ತು. ಇಲ್ಲದಿದ್ದರೆ ಬಾಯಿಟ್ಟವಳೇ ಮುಖ ತಿರುಗಿಸಿ ಕಿರುಚುತ್ತಿದ್ದಳು. ಇದನ್ನು ಓದಿ ನಿಮಗೆ ವಾಕರಿಕೆ ಬಂದರೆ ಬರಲಿ. ಎದ್ದು ಹೋಗಿ ನಿಮ್ಮ ಮನೆಯ ಗೋಡೆಯನ್ನು ಒಮ್ಮೆ ಸವರಿ ನೋಡಿ. ನುಣ್ಣಗಿದ್ದರೆ, ಅದರಿಂದ ಉದುರಿದ್ದರಲ್ಲಿ ಒಂದು ಪಾಲು ನನ್ನಂಥ ಯಾರದೋ ಮೂಗಿನಲ್ಲಿದೆ.

ನಾನು ಗೋಡೆ ಉಜ್ಜುವವಳು. ಮನೆಯ ಒಳಗೆ ಬಣ್ಣ ಬಳಿಯುವುದಕ್ಕೆ ಮೊದಲು ಗಾರೆ ಗೋಡೆಯ ಮೇಲೆ ಪುಟ್ಟಿ ಎಳೆಯುತ್ತಾರೆ. ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಬೆಣ್ಣೆಯ ಹದಕ್ಕೆ ತಂದು ಅಗಲ ಬ್ಲೇಡಿನಿಂದ ಹಚ್ಚುವುದು ಗಂಡಸರ ಕೆಲಸ. ಒಣಗಿದ ಮೇಲೆ ಉಪ್ಪುಕಾಗದ ಹಿಡಿದು ಉಜ್ಜುವುದು ನಮ್ಮದು. ಅವರು ಇನ್ನೊಂದು ಕೈ ಹಚ್ಚುತ್ತಾರೆ, ನಾವು ಇನ್ನೊಮ್ಮೆ ಉಜ್ಜುತ್ತೇವೆ. ಆಮೇಲೆ ಬಲ್ಬನ್ನು ಗೋಡೆಗೆ ತಾಗಿಸಿದ ಹಾಗೆ ಓರೆಯಾಗಿ ಹಿಡಿದರೆ ಉಬ್ಬು ತಗ್ಗುಗಳು ನೆರಳು ಚೆಲ್ಲಿ ಸಿಕ್ಕಿಬೀಳುತ್ತವೆ. ಅವನ್ನು ತೀಡಿ, ಅಂಗೈಯಿಂದ ಸವರಿ, ಸರಿ ಎಂದಮೇಲೆ ಬಣ್ಣದವರು ಬರುತ್ತಾರೆ. ಬಣ್ಣ ಬಿದ್ದ ಮೇಲೆ ನಮ್ಮ ಕೆಲಸ ಯಾರಿಗೂ ಕಾಣುವುದಿಲ್ಲ. ಕಂಡರೆ ಕೆಲಸ ಕೆಟ್ಟಿದೆ ಎಂದೇ ಲೆಕ್ಕ.

ಸೀಲಿಂಗ್ ಉಜ್ಜುವ ದಿನ ಸತ್ತರೆ ಸಾಕು ಅನಿಸುತ್ತದೆ. ಕತ್ತು ಹಿಂದಕ್ಕೆ, ಕೈ ಮೇಲಕ್ಕೆ, ಕಣ್ಣು ಕಿರಿದು. ಪುಡಿ ನೇರ ಮುಖದ ಮೇಲೆ ಸುರಿಯುತ್ತದೆ. ಬೆವರಿಗೆ ಸೇರಿ ಕತ್ತಿನ ಮಡಿಕೆಯಲ್ಲಿ, ಎದೆಯ ಕೆಳಗೆ, ಕಂಕುಳಲ್ಲಿ ಹಿಟ್ಟಾಗಿ ಒಣಗುತ್ತದೆ. ಕೈ ಇಳಿಸಿದಾಗ ಚರ್ಮ ಬಿರಿಯುತ್ತದೆ. ಮಾಸ್ಕ್ ಕೊಡಿಸು ಎಂದು ಮೇಸ್ತ್ರಿಯನ್ನು ಕೇಳಿ ಎಷ್ಟು ವರ್ಷವಾಯಿತೋ. “ಒದ್ದೆ ಬಟ್ಟೆ ಕಟ್ಕೊಳ್ರೇ, ಅದಕ್ಕಿಂತ ಮಾಸ್ಕ್ ಇದೆಯಾ?” ಅನ್ನುತ್ತಿದ್ದ. ಒದ್ದೆ ಬಟ್ಟೆ ಅರ್ಧ ಗಂಟೆಗೆ ಒಣಗಿ ಹಲಗೆಯಾಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮಗೆ ಕೈಯೂ ಬಿಳಿ, ಬಾಯಿಯೂ ಬಿಳಿ. ಮೊಸರು ತಿನ್ನುವವರು ಬೇರೆ.

ನಮ್ಮ ತಂಡದ ಮೇಸ್ತ್ರಿ ನನ್ನ ಅಣ್ಣನೇ. ಉಜ್ಜುವವರು ಇಬ್ಬರು, ಅವನ ಹೆಂಡತಿ ಮತ್ತು ನಾನು. ಬ್ಲೇಡು ಹಿಡಿಯುವ ಗಂಡಸರು ಇನ್ನಿಬ್ಬರು. ನನ್ನ ಗಂಡ ಕೈಬಿಟ್ಟು ಹೋದ ವರ್ಷ ಅತ್ತಿಗೆಯೇ ನನ್ನ ಕೈಗೆ ಉಪ್ಪುಕಾಗದ ಕೊಟ್ಟು, “ಅಳೋದಾದ್ರೆ ಗೋಡೆ ಕಡೆ ಮುಖ ಮಾಡ್ಕೊಂಡು ಅಳು. ಕೈ ಮಾತ್ರ ನಿಲ್ಲಿಸ್ಬೇಡ,” ಅಂದಿದ್ದಳು. ಅದಾಗಿ ಏಳು ವರ್ಷ. ಅತ್ತಿಗೆಗೆ ಈ ಕೆಲಸದಲ್ಲಿ ಹತ್ತೊಂಬತ್ತು ವರ್ಷ. ಮದುವೆಯಾದ ಮರುವಾರವೇ ಅಣ್ಣ ಅವಳನ್ನು ಗೋಡೆಗೆ ಹಚ್ಚಿದ್ದ.

ಅವಳ ಅಂಗೈ ಈಗ ಚಪ್ಪಲಿಯ ಅಟ್ಟೆ. ಬಿಸಿ ಪಾತ್ರೆಯನ್ನು ಬಟ್ಟೆ ಇಲ್ಲದೆ ಇಳಿಸುತ್ತಾಳೆ. ಕೆಲಸದ ಜಾಗದ ಗೇಟಿನಲ್ಲಿ ಹೆಬ್ಬೆರಳು ಒತ್ತುವ ಯಂತ್ರವೊಂದಿದೆ. ಅದು ಅವಳ ಬೆರಳನ್ನು ಒಪ್ಪುವುದೇ ಇಲ್ಲ. ಹತ್ತೂ ಬೆರಳು ಒತ್ತಿಸಿ ನೋಡಿದರು. ಒಂದರಲ್ಲೂ ಗೆರೆ ಇಲ್ಲ. ಉಪ್ಪುಕಾಗದ ಗೋಡೆಯ ಜೊತೆಗೆ ಅವನ್ನೂ ತಿಂದುಹಾಕಿದೆ. ದಿನಾ ಬೆಳಿಗ್ಗೆ ಅವಳು ಪಕ್ಕದಲ್ಲಿ ನಿಂತು, ಎಲ್ಲರೂ ಒಳಗೆ ಹೋದ ಮೇಲೆ, ಕಾವಲುಗಾರ ಕೈಬೀಸಿದರೆ ಒಳಗೆ ಹೋಗಬೇಕು.

“ಓದು ಬರದೋರಿಗೆ ಹೆಬ್ಬೆಟ್ಟಾದ್ರೂ ಇರತ್ತೆ. ನಿನಗೆ ಅದೂ ಇಲ್ವಲ್ಲ ತಾಯಿ,” ಎಂದು ಅವನು ನಗುತ್ತಿದ್ದ.

“ಇತ್ತಪ್ಪ. ಮೂರನೇ ಮಹಡೀಲಿ ಬಿಟ್ಟು ಬಂದೆ. ಹೋಗಿ ಹುಡುಕ್ಕೊಂಡ್ ಬಾ,” ಅನ್ನುತ್ತಿದ್ದಳು ಅತ್ತಿಗೆ.

ನಗುವ ಮಾತೇನೋ ಸರಿ. ಆದರೆ ಅಂಗೈ ಸತ್ತರೆ ಗೋಡೆ ಉಜ್ಜುವವಳಿಗೆ ಕಣ್ಣು ಹೋದ ಹಾಗೆ. ಬಲ್ಬಿಗೆ ಸಿಗದ ತರಿ ಬೆರಳಿಗೆ ಸಿಗುತ್ತದೆ. ಅದು ಸಿಗದೆ ಹೋದರೆ ಬಣ್ಣ ಬಿದ್ದ ಮೇಲೆ ಗೋಡೆ ಮೊಡವೆ ಮುಖದಂತೆ ಎದ್ದು ಕುಳಿತುಕೊಳ್ಳುತ್ತದೆ. ಕೆಲವು ವರ್ಷದ ಹಿಂದೆ ಅತ್ತಿಗೆ ಸರಿ ಎಂದ ಗೋಡೆಯೊಂದು ಹಾಗೇ ಆಯಿತು. ಅಣ್ಣ ಎಲ್ಲರ ಎದುರಿಗೆ, “ನಿನ್ನ ಕೈಗೆ ಕೊಳ್ಳಿ ಇಡ,” ಎಂದು ಬೈದ. ಮರುದಿನ ಅವಳು ಇನ್ನೊಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಮುಖದ ಪುಡಿ ಒರೆಸಿಕೊಂಡು ಬಲಗೆನ್ನೆಯನ್ನು ಗೋಡೆಗೆ ಇಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಸರಿಯುತ್ತ ಹೋದಳು. ಒಂದು ಕಡೆ ನಿಂತು, “ಇಲ್ಲಿದೆ ನೋಡು,” ಅಂದಳು. ಸಾಸಿವೆಯ ಕಾಲು ಭಾಗದಷ್ಟು ತರಿ. ಅವಳ ಮೈಯಲ್ಲಿ ದುಡಿಯದೆ ಉಳಿದ ಚರ್ಮ ಅದೊಂದೇ ಆಗಿತ್ತು, ಅದನ್ನೂ ಕೆಲಸಕ್ಕೆ ಹಚ್ಚಿದಳು.

ಅಲ್ಲಿಂದ ಅಣ್ಣನ ದೆಸೆ ತಿರುಗಿತು. ‘ಕನ್ನಡಿ ಮೇಸ್ತ್ರಿ’ ಎಂದು ಹೆಸರಾಯಿತು. ಎಂಜಿನಿಯರುಗಳು ಬೇರೆ ಮೇಸ್ತ್ರಿಗಳನ್ನು ಕರೆತಂದು ಇವನ ಗೋಡೆ ತೋರಿಸುತ್ತಿದ್ದರು. ಇವನು ಬಲ್ಬು ಹಿಡಿದು, “ನೆರಳು ಹುಡುಕಿ ಕೊಡಿ ನೋಡೋಣ,” ಎಂದು ಹುಬ್ಬು ಹಾರಿಸುತ್ತಿದ್ದ. ಆ ಹೊತ್ತಿಗೆ ಅತ್ತಿಗೆ ಬಾಗಿಲ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಮುಖ ತೊಳೆಯುತ್ತಿರುತ್ತಿದ್ದಳು. ಅವಳ ಬಲಗೆನ್ನೆ ಯಾವಾಗಲೂ ಕೆಂಪು. ಒಂದು ಮಾತು ಕೂಡ ಅಣ್ಣ ಅವಳ ಬಗ್ಗೆ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ಕಟ್ಟಡ ಹನ್ನೆರಡು ಮಹಡಿಯದು. ಮಹಡಿಗೆ ನಾಲ್ಕು ಮನೆ, ಮನೆಗೆ ಮೂರು ಕಕ್ಕಸು. ನೂರಾ ನಲವತ್ತನಾಲ್ಕು ಕಕ್ಕಸು, ಎಲ್ಲದರ ಬಾಗಿಲಿಗೂ ಟೇಪು. ಕೆಲಸದವರಿಗೆ ಹಿಂದುಗಡೆ ತಗಡಿನ ಗೂಡು ಒಂದೇ, ಅದರಲ್ಲಿ ನೀರಿಲ್ಲ. ಏಳು ಮಹಡಿ ಇಳಿದು ಹತ್ತಿ ಬರುವಷ್ಟರಲ್ಲಿ ಅಣ್ಣ ಗಡಿಯಾರ ನೋಡುತ್ತಾನೆ. ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಉಚ್ಚೆ ಹೊಯ್ದರೆ ಉರಿ, ಹೊಯ್ಯದಿದ್ದರೆ ನೋವು. ಗಂಡಸರು ಬಾಟಲಿ ಇಟ್ಟುಕೊಳ್ಳುತ್ತಾರೆ. ಪೈಪು ಮರೆಮಾಡಲು ಹಲಗೆ ಹೊಡೆಯುವ ಜಾಗಗಳಲ್ಲಿ ಆ ಬಾಟಲಿಗಳು ಹಾಗೇ ಉಳಿದುಬಿಡುತ್ತವೆ. ಹಲಗೆಯ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ನಾಳೆ ಆ ಗೋಡೆಗೆ ಮನೆಯವರು ಮಕ್ಕಳ ಪಟ ತೂಗುಹಾಕಿ ಎಷ್ಟು ಚೆನ್ನಾಗಿದೆ ಅನ್ನುತ್ತಾರೆ. ಯಾರಿಗೂ ಏನೂ ನಾರುವುದಿಲ್ಲ.

ಏಳನೇ ಮಹಡಿಯ ಎರಡನೇ ಮನೆಯ ಒಡತಿಯನ್ನು ನಾವು ಮೇಡಂ ಅನ್ನುತ್ತಿದ್ದೆವು. ಅವರು ಕೂಗಾಡುವವರಲ್ಲ. ಒಮ್ಮೆ ನನ್ನ ಮಗಳಿಗೆಂದು ಬಣ್ಣದ ಪೆನ್ಸಿಲ್ ತಂದುಕೊಟ್ಟಿದ್ದರು. ಕೈಗೆ ಕೊಡಲಿಲ್ಲ. ಪುಟ್ಟಿ ಚೀಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಹೋಗಿ, ತೆಗೆದುಕೋ ಎಂದರು. ಬಂದಾಗಲೆಲ್ಲ ಕಾಲಡಿಗೆ ಹಾಕಿಕೊಳ್ಳಲು ಪತ್ರಿಕೆ ಹಾಳೆ ತರುತ್ತಿದ್ದರು. ಮೂರನೇ ವಾರ ಪ್ರತಿ ಕೋಣೆಯ ಮೂಲೆಯಲ್ಲೂ ನಿಂಬೆಹಣ್ಣಿನಷ್ಟು ಕ್ಯಾಮೆರಾ ಕೂರಿಸಿದರು. “ಸಾಮಾನು ಕಳುವಾಗತ್ತೆ ಅಂತಲ್ಲ, ಸುಮ್ನೆ,” ಎಂದು ಅಣ್ಣನಿಗೆ ಹೇಳಿದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಆವತ್ತಿನಿಂದ ಅಣ್ಣ ಆ ಮನೆಯಲ್ಲಿ ಬೀಡಿ ಕೂಡ ಸೇದಲಿಲ್ಲ. ಅತ್ತಿಗೆಗೆ ಕ್ಯಾಮೆರಾ ನೆನಪೇ ಇರಲಿಲ್ಲ. ಗೋಡೆ ನೋಡುವವಳು ಮೂಲೆಯನ್ನು ಯಾಕೆ ನೋಡುತ್ತಾಳೆ?

ಮಗುವಿನ ಕೋಣೆಯ ಕಿಟಕಿ ಎದುರಿನ ಗೋಡೆ ಮುಗಿದ ದಿನ, ಮಧ್ಯಾಹ್ನ, ಅವಳು ಎಂದಿನಂತೆ ಮುಖ ಒರೆಸಿಕೊಂಡು ಕೆನ್ನೆ ಇಟ್ಟಳು. ಆ ತುದಿಯಿಂದ ಈ ತುದಿಗೆ, ಭುಜದ ಎತ್ತರದಲ್ಲಿ ಒಮ್ಮೆ, ಮಂಡಿಯೂರಿ ಒಮ್ಮೆ, ಸ್ಟೂಲು ಹತ್ತಿ ಒಮ್ಮೆ. ಕೆಳಗೆ ಇಳಿದು, “ಎಳೇ ಮಗು ಹೊಟ್ಟೆ ಇದ್ದ ಹಾಗಿದೆ ಕಣೇ,” ಅಂದಳು. ನಿಜಕ್ಕೂ ಹಾಗಿತ್ತು. ಬೆಳಕು ಗೋಡೆಯ ಮೇಲೆ ಎಲ್ಲೂ ಎಡವದೆ ಹರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅಣ್ಣ ನಮ್ಮಿಬ್ಬರನ್ನು ಆರನೇ ಮಹಡಿಯ ಮೆಟ್ಟಿಲ ತಿರುವಿನಲ್ಲೇ ತಡೆದ. ಕೈಯಲ್ಲಿ ಒಂದು ರಟ್ಟಿನ ಡಬ್ಬಿ. ಮುಖ ಸುಟ್ಟ ಬದನೆಕಾಯಿ.

“ಏನೇ ಮಾಡಿದೆ ನೀನು?” ಎಂದು ಹೆಂಡತಿಯನ್ನು ಕೇಳಿದ.

“ಏನು ಮಾಡಿದೆ?”

“ಗೋಡೆಗೆ ಮುಖ ಉಜ್ಜಿದೀಯಂತೆ. ಮೇಡಂ ಫೋನಲ್ಲಿ ನೋಡಿದಾರೆ. ರಾತ್ರಿಯೆಲ್ಲ ಊಟ ಸೇರ್ಲಿಲ್ವಂತೆ ಅವ್ರಿಗೆ. ಬೆವರು, ಎಂಜಲು, ಏನು ಕಾಯಿಲೆ ಇದೆಯೋ ಏನೋ, ನನ್ನ ಮಗು ಮಲಗೋ ಕೋಣೆ ಅಂತಾರೆ. ಮಾನ ಹೋಯ್ತು ನಂದು.”

“ಉಜ್ಜಿಲ್ಲ. ಕೆನ್ನೆ ಇಟ್ಟು ನೋಡ್ದೆ. ಯಾವಾಗ್ಲೂ ನೋಡೋದೇ ಅಲ್ವಾ? ನಿಮಗೆ ಗೊತ್ತಿಲ್ವಾ?”

“ನನಗೆ ಗೊತ್ತಿದ್ರೆ ಏನು ಬಂತು? ಅವ್ರಿಗೆ ಹೇಳೋಕಾಗತ್ತಾ?”

ಹೇಳಬಹುದಿತ್ತು. ಒಂದೇ ಮಾತು. ನಮ್ಮವಳ ಕೈ ಸವೆದಿದೆ ಮೇಡಂ, ಅದಕ್ಕೆ ಕೆನ್ನೆಯಿಂದ ನೋಡ್ತಾಳೆ, ನಿಮ್ಮ ಗೋಡೆ ಅಷ್ಟು ಚೆನ್ನಾಗಿರೋದು ಅದಕ್ಕೇ. ಅಷ್ಟು ಹೇಳಲು ಅವನ ನಾಲಿಗೆಗೆ ಏನಾಗಿತ್ತು? ನಾನೂ ಕೇಳಲಿಲ್ಲ. ಡಬ್ಬಿಯನ್ನೇ ನೋಡುತ್ತಿದ್ದೆ.

ಅದರಲ್ಲಿ ಮಾಸ್ಕ್ ಇದ್ದವು. ಒಳ್ಳೆಯವು, ಮೂಗಿನ ಮೇಲೆ ತಂತಿ ಇರುವಂಥವು, ಐವತ್ತು. ಜೊತೆಗೆ ರಬ್ಬರ್ ಗವಸು. ಮೇಡಂ ತಾವೇ ಕೊಂಡು ಕಳಿಸಿದ್ದರು. ಹತ್ತೊಂಬತ್ತು ವರ್ಷ ಪುಡಿ ನುಂಗಿದವಳಿಗೆ ಮೊದಲ ಮಾಸ್ಕ್. ಗೋಡೆ ಅವಳ ಎದೆಯೊಳಗೆ ಹೋಗದಿರಲಿ ಎಂದಲ್ಲ. ಅವಳ ಉಸಿರು ಗೋಡೆಗೆ ತಾಗದಿರಲಿ ಎಂದು. ಆದರೂ ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಡಬ್ಬಿ ಕಂಡಾಗ ನನಗೆ ಮೊದಲು ಅನಿಸಿದ್ದು, ಸದ್ಯ ಮಾಸ್ಕ್ ಸಿಕ್ಕಿತಲ್ಲ ಎಂದೇ.

ಅಣ್ಣ ಸ್ವರ ಇಳಿಸಿದ. “ನೋಡು, ಹತ್ತು ಗಂಟೆಗೆ ಮೇಡಂ ಬರ್ತಾರೆ. ಅಷ್ಟರಲ್ಲಿ ಇದನ್ನ ಹಾಕ್ಕೊಂಡು ಆ ಗೋಡೆ ಪೂರ್ತಿ ಉಜ್ಜಿ ತೆಗಿ, ಗಾರೆ ಕಾಣೋವರೆಗೂ. ಅವ್ರು ಕಣ್ಣಾರೆ ನೋಡ್ಬೇಕಂತೆ. ಆಮೇಲೆ ಒಂದು ಮಾತು ಕೇಳ್ತಾರೆ, ಇದೊಂದೇ ಗೋಡೆನಾ ಅಂತ. ಇದೊಂದೇ, ತಲೆ ಸುತ್ತು ಬಂತು, ಒರಗಿದೆ ಅನ್ನು. ಅಷ್ಟೇ. ಕೈ ಮುಗಿ, ಮುಗೀತು.”

“ಮುಗೀದೆ ಇದ್ರೆ?”

“ಎಲ್ಲ ಮನೆಯೋರು ಫೋನಲ್ಲಿ ಒಂದು ಗುಂಪು ಮಾಡ್ಕೊಂಡಿದಾರೆ. ಮೇಡಂ ಅದ್ರಲ್ಲಿ ಒಂದು ಸಾಲು ಹಾಕಿದ್ರೆ ಸಾಕು. ಮೇಲಿನ ಐದು ಮಹಡಿ ಕೆಲಸ ಹೋಗತ್ತೆ. ಈ ಕಟ್ಟಡ ಅಲ್ಲ, ಇನ್ಯಾವ ಕಟ್ಟಡದ ಗೇಟೂ ನಮಗೆ ತೆಗಿಯಲ್ಲ. ಬ್ಲೇಡಿನೋರಿಬ್ರೂ ಬೀದಿಗೆ ಬೀಳ್ತಾರೆ. ಇವಳೂ.” ಇವಳು ಎಂದರೆ ನಾನು. ಗಲ್ಲದಿಂದ ನನ್ನ ಕಡೆ ತೋರಿಸಿದ.

ಅತ್ತಿಗೆ ನನ್ನ ಮುಖ ನೋಡಿದಳು. ನಾನು, “ಒಂದು ಸುಳ್ಳು ತಾನೇ ಅತ್ತಿಗೆ. ಹೇಳ್ಬಿಡು,” ಅಂದೆ. ಹೌದು, ನಾನೇ ಅಂದೆ. ಮಗಳು ಶಾಲೆಯಲ್ಲಿದ್ದಳು, ಅವಳ ತಟ್ಟೆಯ ಅನ್ನ ನನ್ನ ದುಡಿಮೆಯಲ್ಲಿತ್ತು. ಹೊಟ್ಟೆಪಾಡಿನ ಮುಂದೆ ನನ್ನ ರೋಷ ಬಾಲ ಮುದುರಿತು.

ಅವಳು ಡಬ್ಬಿಯಿಂದ ಒಂದು ಮಾಸ್ಕ್ ತೆಗೆದುಕೊಂಡಳು.

ಆ ಗೋಡೆ ಉಜ್ಜಿದ್ದನ್ನು ಹೇಗೆ ಹೇಳಲಿ? ಗವಸು ದೊಡ್ಡದು, ಉಪ್ಪುಕಾಗದ ಜಾರುತ್ತಿತ್ತು. ಒರಟು ನಂಬರಿನ ಕಾಗದ ಬೇಕು ಎಂದು ಅಣ್ಣನೇ ತಂದುಕೊಟ್ಟ. ನುಣುಪು ಮಾಡುವವಳ ಕೈಗೆ ಕೆಡಿಸುವ ಕಾಗದ. ಮೊದಲ ಎಳೆತಕ್ಕೆ ಆ ಹಾಲಿನಂಥ ಗೋಡೆಯ ಮೇಲೆ ನಾಯಿ ಪರಚಿದ ಹಾಗೆ ಗೀರುಗಳು ಬಿದ್ದವು. ಅವಳು ನಿಲ್ಲಲಿಲ್ಲ. ನಾನು ಪಕ್ಕದಲ್ಲಿ ಇನ್ನೊಂದು ಮಾಸ್ಕ್ ಹಾಕಿಕೊಂಡು ಉಜ್ಜಿದೆ. ಮೂಗಿಗೆ ಪುಡಿ ಬರುತ್ತಿರಲಿಲ್ಲ. ಉಸಿರು ಆರಾಮಾಗಿ ಆಡುತ್ತಿತ್ತು. ಆ ಆರಾಮು ನನಗೆ ಅಸಹ್ಯವಾಯಿತು. ಯಾರೋ ಎಂಜಲು ಮಾಡಿ ಬಿಸಾಡಿದ್ದನ್ನು ಹಸಿವಿಗೆ ತಿಂದು, ರುಚಿಯಾಗಿದೆ ಅಂದುಕೊಂಡ ಹಾಗೆ. ಅಣ್ಣ ಬಾಗಿಲಲ್ಲಿ ನಿಂತು, “ಬೇಗ, ಬೇಗ,” ಅನ್ನುತ್ತಿದ್ದ.

ಮೇಡಂ ಹತ್ತಕ್ಕೆ ಸರಿಯಾಗಿ ಬಂದರು. ಹಾಳೆ ಹಾಸಿಕೊಂಡು ಅದರ ಮೇಲೆ ನಿಂತು, ಕರವಸ್ತ್ರ ಮೂಗಿಗೆ ಹಿಡಿದು, ಬಾಗಿಲ ಪಕ್ಕದ ಗೋಡೆಗೆ ಭುಜ ಕೊಟ್ಟು ನೋಡಿದರು. ನಾವಿಬ್ಬರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅಣ್ಣನ ಹತ್ತಿರ ಮಾತಾಡಿದರು.

“ನಂಗೆ ಬೈಯೋದು ಇಷ್ಟ ಇಲ್ಲ ಮೇಸ್ತ್ರಿ. ಆದ್ರೆ ಇದು ಒಂಥರಾ... ಹೇಗೆ ಹೇಳ್ಲಿ. ಮೈ ಜುಮ್ಮಂತು. ಕೈ ಇಟ್ರೆ ಹೋಗ್ಲಿ ಅನ್ಬೋದು. ಮುಖ? ಕಣ್ಣು ಮುಚ್ಕೊಂಡು? ನಮ್ಮ ಗೋಡೆಗೆ?”

“ತಪ್ಪಾಯ್ತು ಮೇಡಂ. ತಲೆ ಸುತ್ತು ಬಂದಿತ್ತಂತೆ. ಇದೊಂದೇ ಗೋಡೆ,” ಅಂದ ಅಣ್ಣ. ಕೈ ತಾನಾಗಿ ಮುಗಿದಿತ್ತು.

“ಅವಳೇ ಹೇಳ್ಲಿ. ಕೇಳಿ ಅವಳನ್ನ, ಬೇರೆ ಕಡೆಯೂ ಹೀಗೆ ಮಾಡಿದಾಳಾ ಅಂತ.”

ಅತ್ತಿಗೆ ಉಜ್ಜುವುದು ನಿಲ್ಲಿಸಿದಳು. ಪುಡಿ ನೆಲಕ್ಕೆ ಇಳಿಯಿತು. ಅಣ್ಣ ಅವಳನ್ನೇ ನೋಡುತ್ತ ತಲೆ ಮೆಲ್ಲಗೆ ಅಲ್ಲಾಡಿಸುತ್ತಿದ್ದ, ಇಲ್ಲ ಅನ್ನು, ಇಲ್ಲ ಅನ್ನು ಎಂದು. ಅವಳು ಒಂದೊಂದೇ ಗವಸು ಎಳೆದು ತೆಗೆದಳು. ಮಾಸ್ಕನ್ನು ಕತ್ತಿಗೆ ಇಳಿಸಿದಳು. ಬೆವರಿಗೆ ಅದರ ಅಂಚು ಕೆನ್ನೆಯ ಮೇಲೆ ಅಚ್ಚಾಗಿತ್ತು.

“ಮೇಡಂ, ಎಲ್ಲಿ ಗಲೀಜಾಗಿದೆ ತೋರ್ಸಿ. ಬೆರಳಿಟ್ಟು ತೋರ್ಸಿ. ಅಷ್ಟನ್ನ ನಾನೇ ತೆಗೆದುಕೊಡ್ತೀನಿ,” ಅಂದಳು.

ಮೇಡಂ ಮೊದಲ ಸಲ ಅವಳ ಮುಖ ನೋಡಿದರು. ಫೋನು ತೆಗೆದು ಏನೋ ಒತ್ತಿ, ಅದನ್ನು ಗೋಡೆಯ ಎದುರಿಗೆ ಹಿಡಿದು, ಫೋನನ್ನೊಮ್ಮೆ ಗೋಡೆಯನ್ನೊಮ್ಮೆ ನೋಡಿದರು. ನಾವು ಇನ್ನೂ ಮುಟ್ಟದ ಅರ್ಧ ಗೋಡೆ ಹಾಗೇ ಇತ್ತು, ಒಂದೇ ಬಿಳುಪು, ಒಂದು ಕಲೆ ಇಲ್ಲ. ಬೆರಳು ಎತ್ತಿದರು, ಇಳಿಸಿದರು.

“ಕಾಣ್ದಿದ್ರೆ ಇಲ್ಲ ಅಂತಲ್ಲ. ಇಡೀ ಗೋಡೆ ತೆಗೀಬೇಕು ಅಂತ ಹೇಳಿದೀನಲ್ಲ!”

“ಹಾಗಾದ್ರೆ ಇಡೀ ಮನೆ ತೆಗೀಬೇಕಾಗತ್ತೆ ಮೇಡಂ.”

“ಏಯ್!” ಎಂದ ಅಣ್ಣ.

ಅತ್ತಿಗೆ ಅವನ ಕಡೆ ತಿರುಗಲಿಲ್ಲ. ಸ್ವರ ಏರಿಸಲೂ ಇಲ್ಲ. ಕೆಲಸ ಒಪ್ಪಿಸುವವಳ ಹಾಗೆ ಹೇಳುತ್ತ ಹೋದಳು. “ಹಾಲ್‌ನ ನಾಲ್ಕೂ ಗೋಡೆಗೆ ಕೆನ್ನೆ ಇಟ್ಟಿದೀನಿ. ಅಡುಗೆಮನೇಲಿ ಮೂರಕ್ಕೆ, ಇನ್ನೊಂದಕ್ಕೆ ಟೈಲ್ಸ್ ಇದೆ. ನೀವು ಮಲಗೋ ಕೋಣೇಲಿ, ತಲೆ ಇಡೋ ಕಡೆ ಗೋಡೆಗೆ ಎರಡು ಸಲ, ಅಲ್ಲಿ ಒಂಚೂರು ತಗ್ಗಿತ್ತು. ನೀವು ಈಗ ಒರಗಿದೀರಲ್ಲ, ಅದಕ್ಕೆ ಮೊನ್ನೆ. ಕೆಳಗಿನ ಆರು ಮಹಡೀಲಿ ಇಪ್ಪತ್ನಾಲ್ಕು ಮನೆ ಇದೆ. ಒಂದು ಗೋಡೇನೂ ಬಿಟ್ಟಿಲ್ಲ. ನನ್ನ ಕೈಗೆ ಏನೂ ತಿಳಿಯಲ್ಲ ಮೇಡಂ, ನಿಮ್ಮ ಗೋಡೆಗಳೇ ತಿಂದ್ಬಿಟ್ವು. ಕೆನ್ನೆಗೆ ತಿಳಿಯತ್ತೆ. ತಲೆ ಸುತ್ತು ಬಂದು ಒರಗಿದ್ದಲ್ಲ. ನೋಡೋಕೇ ಇಟ್ಟಿದ್ದು.”

ಮೇಡಂ ಗೋಡೆಯಿಂದ ಹಾರಿ ಈಚೆ ಬಂದರು. ಕಾಲು ಹಾಳೆಯಿಂದ ಹೊರಗೆ ಬಿತ್ತು. ಕರವಸ್ತ್ರದಿಂದ ಭುಜ ಒರೆಸಿಕೊಂಡರು, ಆಮೇಲೆ ಕರವಸ್ತ್ರವನ್ನೇ ಬಿಸಾಡಿದರು. ಗಂಟಲಿನಿಂದ ಒಂದು ಸದ್ದು ಬಂತು, ವಾಂತಿಗೆ ಮುಂಚೆ ಬರುವಂಥದ್ದು. ಸುತ್ತ ನಾಲ್ಕು ಗೋಡೆ. ಯಾವ ಕಡೆ ಸರಿದರೂ ಒಂದು ಗೋಡೆ ಹತ್ತಿರವಾಗುತ್ತಿತ್ತು. ಕೋಣೆಯ ನಟ್ಟನಡುವೆ ಬಟ್ಟೆ ಒಟ್ಟುಮಾಡಿಕೊಂಡು ನಿಂತರು.

ನಾನು ಅವರನ್ನು ನೋಡಿದೆ. ನನ್ನ ಮೂಗಿನೊಳಗಿನ ಬಿಳಿ ಹೆಂಟೆ ನನಗೆ ಎಂದೂ ಅವರಷ್ಟು ಅಸಹ್ಯ ಅನಿಸಿರಲಿಲ್ಲ. ಒಬ್ಬ ಹೆಂಗಸಿನ ಕೆನ್ನೆ. ಉಚ್ಚೆ ಬಾಟಲಿಗಳ ಜೊತೆ ಸಂಸಾರ ಮಾಡಲು ಹೊರಟವರಿಗೆ ಒಬ್ಬ ಹೆಂಗಸಿನ ಕೆನ್ನೆ ಹೇಸಿಗೆ. ಥೂ.

“ಸುಳ್ಳು ಮೇಡಂ! ಇವಳಿಗೆ ತಲೆ ಸರಿ ಇಲ್ಲ. ಏನೋ ಕೋಪಕ್ಕೆ ಬಡಬಡಿಸ್ತಾಳೆ,” ಎಂದು ಅಣ್ಣ ನಡುವೆ ಬಂದ. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. “ನನ್ನ ತಂಗೀನ ಕೇಳಿ. ದಿನಾ ಜೊತೇಲೇ ಇರ್ತಾಳೆ. ಹೇಳೇ! ನೀನು ನೋಡಿದೀಯಾ? ಇವಳು ಬೇರೆ ಎಲ್ಲಾದ್ರೂ ಹೀಗೆ ಮಾಡಿದ್ದನ್ನ ನೋಡಿದೀಯಾ?”

ಮೂವರೂ ನನ್ನನ್ನು ನೋಡಿದರು. ಅತ್ತಿಗೆಯೂ ನೋಡಿದಳು. ಅವಳ ಕಣ್ಣಲ್ಲಿ ಬೇಡಿಕೆ ಏನೂ ಇರಲಿಲ್ಲ. ನೀನು ಏನು ಹೇಳಿದರೂ ಸರಿ, ಮಗಳಿದ್ದಾಳೆ ನಿನಗೆ, ಎಂಬಂತೆ ನೋಡಿದಳು. ಅದೇ ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ತಿರುವಿನಲ್ಲಿ ‘ಹೇಳ್ಬಿಡು’ ಅಂದ ನನ್ನ ಬಾಯನ್ನು ನಾನೇ ಬಡಿಯಬೇಕು ಅನಿಸಿತು.

ನನ್ನ ಅಂಗೈ ಇನ್ನೂ ಸತ್ತಿಲ್ಲ. ಏಳು ವರ್ಷದಲ್ಲಿ ಒಂದು ಗೋಡೆಗೂ ನಾನು ಕೆನ್ನೆ ಇಟ್ಟವಳಲ್ಲ. ಮಾಸ್ಕ್ ಕಿತ್ತು ತೆಗೆದೆ.

“ಅತ್ತಿಗೆ ಒಬ್ಳೇ ಅಲ್ಲ ಮೇಡಂ. ನಾನೂ ಇಟ್ಟಿದೀನಿ. ಗೋಡೆಗಳು ಅವಳ್ದು, ಸೀಲಿಂಗ್ ನಂದು. ಏಣಿ ಹತ್ತಿ, ಎರಡೂ ಕೆನ್ನೆ ಇಟ್ಟಿದೀನಿ. ಎಲ್ಲಾ ಮನೇಲೂ. ನಿಮ್ಮ ಮಗು ತೊಟ್ಟಿಲ ಮೇಲೂ.”

ಮೇಡಂ ತಲೆ ಎತ್ತಿ ಸೀಲಿಂಗ್ ನೋಡಿದರು. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ಅಣ್ಣನ ಕಡೆ ತಿರುಗಿದರು.

“ನೀನೂ?”

ಅಲ್ಲಿಯವರೆಗೆ ಮೇಸ್ತ್ರಿ, ನೀವು ಎಂದು ಮಾತಾಡಿಸುತ್ತಿದ್ದರು. ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. ಬ್ಲೇಡು ಹಿಡಿದು ಹಿಡಿದು ಗಂಟುಕಟ್ಟಿದ ಬೆರಳುಗಳು. ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಬಿಳಿ. ಅಪ್ಪ ಸತ್ತ ವರ್ಷ ಹದಿನಾರರ ವಯಸ್ಸಿಗೆ ಆ ಕೈಗಳೇ ನಮ್ಮನ್ನೆಲ್ಲ ಸಾಕಿದ್ದವು, ಅದು ಸುಳ್ಳಲ್ಲ. ಈಗ ಒಂದು ಮಾತು ಆಡಲಿ ಎಂದು ನಾನು ಕಾದೆ. ನಿಜವಾಗಿ ಕಾದೆ. ಅವನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ.

“ನಾನು ಮೇಸ್ತ್ರಿ ಮೇಡಂ. ನಾನು ಗೋಡೆ ಮುಟ್ಟಲ್ಲ,” ಅಂದ.

ಅತ್ತಿಗೆ ಬುತ್ತಿ ಡಬ್ಬಿ ಎತ್ತಿಕೊಂಡಳು. ನಾನು ನಮ್ಮ ಬಲ್ಬು, ವೈರು ಸುತ್ತಿಕೊಂಡೆ, ಅವು ನಮ್ಮವು. ಅರ್ಧ ಪರಚಿದ ಗೋಡೆ ಹಾಗೇ ಇತ್ತು. ಅದನ್ನು ಯಾರು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳಲಿ. ಹೊರಗೆ ಬಂದಾಗ ಒಳಗಿನಿಂದ ಮೇಡಂ ಫೋನಿನಲ್ಲಿ ಯಾರಿಗೋ ಕೂಗುತ್ತಿದ್ದುದು ಕೇಳಿಸಿತು. “ಎಲ್ಲಾ ಗೋಡೆ ಕಣ್ರೀ! ನಿಮ್ಮ ಮನೇದೂ! ಕೆಳಗಿನ ಎಲ್ಲಾ ಮನೇದೂ!”

ಮೆಟ್ಟಿಲ ತಲೆಯವರೆಗೆ ಅಣ್ಣ ಹೆಂಡತಿಯ ಹಿಂದೆಯೇ ಬಂದ. “ಎಲ್ಲಾರ ಹೊಟ್ಟೆ ಮೇಲೂ ಹೊಡೆದೆಯಲ್ಲೇ,” ಅಂದ. ಅವನ ಸ್ವರ ಅಳುವವನ ಹಾಗಿತ್ತು. “ಒಂದು ಮಾತು. ಇಲ್ಲ ಅನ್ನೋ ಒಂದು ಮಾತು ಬರ್ಲಿಲ್ವಾ ನಿನ್ನ ಬಾಯಿಗೆ? ಇರು, ಸಂಜೆ ಮನೇಗೆ ಬರ್ತೀನಲ್ಲ, ಆ ಮಾತು ಅಲ್ಲಿ ಆಡೋಣ.”

ಅತ್ತಿಗೆ ಎರಡು ಮೆಟ್ಟಿಲು ಇಳಿದವಳು ನಿಂತಳು. ಹತ್ತೊಂಬತ್ತು ವರ್ಷ ಅವನನ್ನು ನೀವು ಅಂದವಳು, ಏಕವಚನದಲ್ಲಿ ಮಾತಾಡಿದಳು.

“ಹತ್ತೊಂಬತ್ತು ವರ್ಷ ಈ ಕೆನ್ನೆ ಪಕ್ಕ ಮಲಗಿದೀಯಲ್ಲ ನೀನು. ಹೋಗಿ ಮೊದ್ಲು ಮೈ ತೊಳ್ಕೋ.”

ಅಣ್ಣನ ಕೈಗಳು ಇನ್ನೂ ಜೇಬಿನಲ್ಲೇ ಇದ್ದವು. ನಾವು ಇಳಿದು ಹೋದೆವು.